ಸೊಸೆಗೊಂದು ಕೌದಿ

"ಹೊಲೀವಾಗ ಬಾಯಿ ಮುಚ್ಕೊಂಡಿರಿ ಮೇಡಂ. ಈ ಕಪ್ಪು ಸೀರೆ ಮಾಟ ಮಾಡೋಳದ್ದು. ಸೂಜಿ ಆಡ್ತಿರುವಾಗ ಅಂದಿದ್ದೆಲ್ಲ ಹಿಡ್ಕೊಳ್ಳತ್ತೆ," ಎಂದ ಹಳೆಬಟ್ಟೆ ಮಾರುವವ.

ಜೀವಮಾನವೆಲ್ಲ ವಿಜ್ಞಾನ ಪಾಠ ಹೇಳಿದವಳು ಇಂಥದಕ್ಕೆಲ್ಲ ಸೊಪ್ಪು ಹಾಕುತ್ತಾಳೆಯೇ? "ಸೀರೆಗೆ ಕಿವಿ ಬೇರೆ ಇದ್ಯಾ? ಹಾಗಿದ್ರೆ ಒಂದು ಜೊತೆ ಓಲೆನೂ ಕೊಡಪ್ಪ," ಎಂದು ನಕ್ಕಳು ಟೀಚರಮ್ಮ.

ನಿವೃತ್ತಿಯಾದ ಮೇಲೆ ಅವಳಿಗೆ ಕೌದಿಯ ಹುಚ್ಚು ಹಿಡಿದಿತ್ತು. ಮಗಳಿಗೆ ಕೊಟ್ಟಳು, ತಂಗಿಗೆ ಕೊಟ್ಟಳು. ಮಗನಿಗೆ ಕೊಟ್ಟದ್ದನ್ನು ಸೊಸೆ ನೆಂಟರೆದುರೇ ಹರವಿ, "ನೆಲ ಒರೆಸೋಕೆ ಸ್ವಲ್ಪ ದೊಡ್ಡದಾಯ್ತು ಅತ್ತೆ," ಎಂದುಬಿಟ್ಟಳು. ಎಲ್ಲರೂ ನಕ್ಕರು. ಹೆತ್ತ ಮಗನೂ ನಕ್ಕ. ಅದು ಟೀಚರಮ್ಮನ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿದಿತ್ತು.

ಸೊಸೆಯ ಬಾಯಿ ಮುಚ್ಚಿಸುವಂಥ ಕೌದಿ ಮಾಡಬೇಕು! ಕಪ್ಪು ಸೀರೆಯ ಮಡಿಕೆಗಳ ನಡುವೆ ಚಿಂದಿ ಹಾಸಿ, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಹೊಲಿದಳು. ಸೂಜಿ ಚುಚ್ಚಿದಾಗ, "ಅವಳ ನಾಲಿಗೆ ಸೇದ್ಹೋಗ." ದಾರ ಎಳೆದಾಗ ಮತ್ತೊಮ್ಮೆ. ತೊಡೆಯ ಮೇಲಿನ ಬಟ್ಟೆ ಬೆಚ್ಚಗಾಗುತ್ತಿತ್ತು. ಸುಟ್ಟ ಕೂದಲಿನ ವಾಸನೆ ಏಳುತ್ತಿತ್ತು. ದಾರ ಒಳಸರಿದಾಗಲೆಲ್ಲ ಯಾರೋ ತುಟಿ ಚಪ್ಪರಿಸಿದ ಸದ್ದು. ವಯಸ್ಸಾಯಿತು, ಕಿವಿ ಕೆಟ್ಟಿದೆ ಎಂದುಕೊಂಡಳು.

ಕೌದಿ ನೋಡಿ ಸೊಸೆಯ ಕಣ್ಣು ತುಂಬಿತು. "ಅವತ್ತು ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ತಪ್ಪಾಯ್ತು ಅತ್ತೆ." ಇಷ್ಟು ಚೆಂದದ್ದನ್ನು ತಾನು ಹೊದೆಯಲು ಅವಳಿಗೆ ಮನಸ್ಸು ಬರಲಿಲ್ಲ. ಮಧ್ಯಾಹ್ನ ಮಲಗಿದ್ದ ತನ್ನ ಪುಟ್ಟ ಮಗಳಿಗೆ ಹೊದಿಸಿದಳು. ಆ ಪುಟ್ಟಿಯೋ, ನಿದ್ದೆಯಲ್ಲೂ ವಟಗುಟ್ಟುವ ಮಾತಿನ ಮಲ್ಲಿ!

ವಟವಟ ನಿಂತಿತು.

ಟೀಚರಮ್ಮ ಒಳಗೆ ಓಡಿದಳು. ಮಗು ಬಾಯಿ ಅಗಲಿಸಿ ಅಳುತ್ತಿತ್ತು. ಸದ್ದೇ ಇಲ್ಲ. ನಾಲಿಗೆ ಒಣಗಿದ ಎಲೆಯ ಹಾಗೆ ಕಪ್ಪಾಗಿ ಸುರುಟಿತ್ತು. ಕೌದಿ ಎಳೆದರೆ ಬರಲಿಲ್ಲ, ಮೈಗೆ ಅಂಟಿಕೊಂಡಿತ್ತು.

ಎದ್ದೆನೋ ಬಿದ್ದೆನೋ ಎಂದು ಸಂತೆಬೀದಿಗೆ ಓಡಿದಳು. ಹಳೆಬಟ್ಟೆಯವ ಅವಳ ಮುಖ ನೋಡಲಿಲ್ಲ. "ಹೊಲಿಗೆ ಬಿಚ್ಚಿ. ಮಗು ಉಳಿಯತ್ತೆ. ಆದ್ರೆ ಬಿಚ್ಚಿದೋರ ನಾಲಿಗೆ ಹೋಗತ್ತೆ."

ಮರಳಿ ಬಂದಾಗ ಕೋಣೆ ಹಗಲಲ್ಲೇ ಕತ್ತಲಾಗಿತ್ತು. ಸುಟ್ಟ ವಾಸನೆ ಗಂಟಲು ಹಿಡಿಯುತ್ತಿತ್ತು. ಮಗುವಿನ ಉಸಿರು ಕಟ್ಟುತ್ತಿತ್ತು.

"ಹೊಲಿಗೆ ಬಿಚ್ಚಿದ್ರೆ ಸರಿಹೋಗತ್ತಂತೆ," ಎಂದಳು. ಅಷ್ಟೇ ಹೇಳಿದಳು. ಕತ್ತರಿ ತೆಗೆದುಕೊಂಡಳು. ದಾರದ ಕೆಳಗೆ ತೂರಿಸಿದಳು. ಒತ್ತಲಾಗಲಿಲ್ಲ.

"ಬೇಗ ಅತ್ತೆ! ನಿಮ್ಮ ದಮ್ಮಯ್ಯ!"

"ನಂಗೆ ಕಣ್ಣು ಕಾಣ್ತಿಲ್ಲ ಕಣೇ. ತಗೋ. ನೀನೇ ಬಿಚ್ಚು."

ಸೊಸೆ ಕಸಿದುಕೊಂಡಳು. ಕರಕ್. ಕರಕ್. ದಾರ ಹರಿಯಿತು. ಚಿಂದಿ ಚೆಲ್ಲಿತು. ಕೊನೆಯ ಎಳೆಯೂ ತುಂಡಾಯಿತು.

"ಅಮ್ಮಾ!" ಎಂದು ಚೀರಿತು ಮಗು.

ಸೊಸೆ ಅದನ್ನು ಎದೆಗವಚಿಕೊಂಡು, ಪುಟ್ಟೀ ಎನ್ನಲು ಬಾಯಿ ತೆರೆದಳು. ಬರೀ ಗಾಳಿ ಬಂತು. ಬೆರಳು ಹಾಕಿ ಬಾಯೊಳಗೆ ತಡಕಿದಳು. ಕಣ್ಣು ಅಗಲವಾಯಿತು. ಮಗುವನ್ನು ನೋಡಿದಳು, ಅತ್ತೆಯನ್ನು ನೋಡಿದಳು.

ಆಮೇಲೆ, ಮಗು ಉಳಿಯುವ ದಾರಿ ತೋರಿಸಿದ ಆ ಮುದಿ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು.