ಮೊಳೆಯ ಮೇಲಿಲ್ಲದ ಕಡಗ

ಇಳಕಲ್ಲಿನ ಬಣ್ಣದ ಮನೆಯಲ್ಲಿ ಯಜಮಾನ ಈರಪ್ಪನ ಹೆಣ ಸಿಕ್ಕ ದಿನವೇ ಹೆಡ್ ಕಾನ್‌ಸ್ಟೇಬಲ್ ಹೊಳಬಸಪ್ಪ ಕೆಲಸಗಾರ ಯಮನಪ್ಪನ ಕೈಗೆ ಬೇಡಿ ಹಾಕಿದ್ದ. ಸೀರೆಯ ನೂಲಿಗೆ ಕಪ್ಪು ಕೊಡುವ ಗಂಧಕದ ತೊಟ್ಟಿಗೆ ಯಾರೋ ಆಸಿಡ್ ಸುರಿದಿದ್ದರು. ಕೊಳೆತ ಮೊಟ್ಟೆಯಂಥ ನಾತದ ವಿಷದ ಗಾಳಿ ಎದ್ದಿತ್ತು, ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಕಮತಗಿಗೆ ನೂಲು ಒಯ್ಯುವ ಮೊದಲು ಯಮನಪ್ಪನೇ ಸುರಿದನೆಂದು ಮನೆಯವರು ಹೇಳಿದರು, ಹೊಳಬಸಪ್ಪ ಹಿಂದೆಮುಂದೆ ನೋಡದೆ ನಂಬಿದ.

ಯಮನಪ್ಪನ ಹೆಂಡತಿ ಸುಂದರವ್ವ ಹುನಗುಂದಕ್ಕೆ ಹೋಗಿ ಪ್ರಿಯದರ್ಶಿನಿ ಮೇಡಂ ಬಾಗಿಲಲ್ಲಿ ಕೂತಳು. ಮುಂದಿನ ತಿಂಗಳು ಈರಪ್ಪ ತನ್ನ ಗಂಡನಿಗೆ ಕಪ್ಪಿನ ಗುಟ್ಟು ಕಲಿಸಿ ಪಾಲುದಾರನನ್ನಾಗಿ ಮಾಡುವವನಿದ್ದ, ಅನ್ನ ಕೊಟ್ಟವನನ್ನು ಗಂಡ ಯಾಕೆ ಕೊಲ್ಲುತ್ತಾನೆ ಎಂದು ಅತ್ತಳು. ಮೇಡಂ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವರು. ಕಗ್ಗಂಟಾದ ಕೇಸುಗಳಲ್ಲಿ ಅವರ ಹಿಂದೆ ಓಡಾಡಿದ ಹೊಳಬಸಪ್ಪನಿಗೆ ಅವರ ನಾಲಗೆಯ ಭಯವೂ ಇತ್ತು.

ಮೇಡಂ ಬಂದಾಗ ಆ ಮನೆಯಲ್ಲಿ ಒಂದು ತಂಬಿಗೆ ನೀರೂ ಹುಟ್ಟಲಿಲ್ಲ. ಸತ್ತವನ ತಮ್ಮ ಸಂಗಮೇಶ ಬಾಗಿಲಿಗೆ ಅಡ್ಡ ನಿಂತ.

"ಯಮನಪ್ಪ ನಿಮ್ಮವ ಅಂತ ಬಂದೀರೇನ್ರಿ?"

"ಸತ್ತಾವ ನಿಮ್ಮವ ಅಂತ ಬಂದೇನಿ," ಎಂದು ಮೇಡಂ ಒಳಗೆ ನಡೆದರು.

ಬಣ್ಣದ ಮನೆಯ ಬಾಗಿಲ ಪಕ್ಕದಲ್ಲಿ ಒಂದು ಖಾಲಿ ಮೊಳೆಯಿತ್ತು. ಒಳಗೆ ಹೋಗುವವರು ಮೈಮೇಲಿನ ಬೆಳ್ಳಿಯನ್ನು ಅದಕ್ಕೆ ಸಿಕ್ಕಿಸಿ ಹೋಗುವುದು ಈರಪ್ಪನದೇ ಕಟ್ಟಪ್ಪಣೆ. ಆದರೆ ಪಂಚನಾಮೆಯ ಫೋಟೋದಲ್ಲಿ ಅವನ ಬೆಳ್ಳಿ ಕಡಗ ಕೈಯಲ್ಲೇ ಕಪ್ಪಾಗಿತ್ತು. ಅಂಗಳದಾಚೆ, ಅಡುಗೆಮನೆಯ ದೇವರ ಜಗಲಿಯ ಬೆಳ್ಳಿ ಮಾತ್ರ ಬೆಳ್ಳಗೇ ಇತ್ತು. ಸಂಗಮೇಶನ ಹೆಂಡತಿ ಬಸವೇಶ್ವರಿ ತಾನು ಅಡುಗೆಮನೆ ಬಿಟ್ಟು ಕದಲಿರಲಿಲ್ಲ, ಬಣ್ಣದ ಮನೆಯ ಹೊಸ್ತಿಲು ಎಂದೂ ತುಳಿದವಳಲ್ಲ ಎಂದು ಸಿಡುಕಿದಳು. ಮೇಡಂ ಅವಳ ಕಾಲುಗಳನ್ನೇ ನೋಡುತ್ತಿದ್ದರು. ಕಾಲ್ಚೈನು ಇದ್ದ ಜಾಗದಲ್ಲಿ ಬಿಳಿಗೆರೆ, ಕಾಲುಂಗರಗಳಿಗೆ ಹೊಸ ಹೊಳಪು.

ಸಂಜೆ ಎಲ್ಲರನ್ನೂ ಮಗ್ಗದ ಪಡಸಾಲೆಯಲ್ಲಿ ಸೇರಿಸಿದರು. ಬೇಡಿ ಹಾಕಿಕೊಂಡೇ ಯಮನಪ್ಪನೂ ಬಂದ.

"ಈರಪ್ಪ ಕಡಗ ಬಿಚ್ಚಿಲ್ಲ. ಅಂದ್ರ ಕೆಲಸಕ್ಕ ಹೋಗಿಲ್ಲ, ಯಾರೋ ಕೂಗಿ ಕರದಾರ," ಎಂದರು ಮೇಡಂ. "ಆ ಗಾಳಿಯೊಳಗ ಗಂಧಕ ಹೈಡ್ರೋಜನ್ ಕೈ ಹಿಡದಿರತೈತಿ. ಬೆಳ್ಳಿ ಸಿಕ್ಕರ ಅದರ ಕೈ ಬಿಟ್ಟು ಬೆಳ್ಳಿ ಹಿಡೀತೈತಿ, ಯಾಕಂದ್ರ ಅಲ್ಲಿ ನೆಲಿ ಗಟ್ಟಿ. ಆ ಕಪ್ಪು ಜೋಡಿ ನೀರಿಗೆ ಬಿಡೂದಿಲ್ಲ. ಮ್ಯಾಲೆ ಆ ಗಾಳಿ ಭಾರ, ನೆಲಾ ಹಿಡದ ಹರೀತೈತಿ. ಆಸಿಡ್ ಸುರುವಿ, ಮೂಗು ಮುಚ್ಚಿ ಓಡಿ, ಹೊರಗಿಂದ ಚಿಲಕಾ ಹಾಕಿದವರು ಪಾರಾಗಬಹುದು. ಕಾಲಾಗಿನ ಬೆಳ್ಳಿ ಪಾರಾಗೂದಿಲ್ಲ. ಅಡಗಿಮನಿ ಬೆಳ್ಳಿ ಬೆಳ್ಳಗ ಐತಿ, ಅಂದ್ರ ಆ ಗಾಳಿ ಅಲ್ಲೀತನಕಾ ಬಂದಿಲ್ಲ."

ಬಸವೇಶ್ವರಿ ಸೆರಗೆಳೆದು ಪಾದ ಮುಚ್ಚಿಕೊಂಡಳು.

"ಮೊಳಿ ರೂಢಿ ಯಮನಪ್ಪಗ ಗೊತ್ತು, ನಿಮಗ ಗೊತ್ತಿರಲಿಲ್ಲ. ಚೈನು ಬಿಚ್ಚಿ ಬಚ್ಚಿಟ್ಟೀರಿ. ಗಂಡ ಜೀವಂತ ಇರೂಮುಂದ ಕಾಲುಂಗರ ಹೆಂಗ ಬಿಚ್ತೀರಿ? ಬೆರಳಾಗ ಇದ್ದಂಗ ವಿಭೂತಿ ಹಚ್ಚಿ ತಿಕ್ಕೀರಿ. ಸಂದಿಯೊಳಗಿನ ಕಪ್ಪು ಹೋಗಲಿಲ್ಲ."

ಮಹಿಳಾ ಪೇದೆ ಜಾಸ್ಮಿನ ಬಗ್ಗಿ ಬೆರಳು ಬಿಡಿಸಿದಳು. ಸಂದಿಯಲ್ಲಿ ಉಂಗುರ ಕಾಡಿಗೆಯಂತೆ ಕಪ್ಪಾಗಿತ್ತು.

"ಮಾವನವರ ಕಾಲದ ಗುಟ್ಟು ಇಂಥಾ ಜಾತಿಯಾವಗ ಕಲಿಸ್ತೇನಿ ಅಂದ್ರು ಭಾವ," ಬಸವೇಶ್ವರಿಯ ದನಿ ನಡುಗಲಿಲ್ಲ. "ನಾ ಸುಮ್ಮ ಕುಂದರಬೇಕಿತ್ತೇನು?"

ಸಂಗಮೇಶ ಹೆಂಡತಿಯನ್ನು ಬಿಟ್ಟು ಯಮನಪ್ಪನನ್ನೇ ದುರುಗುಟ್ಟಿ ನೋಡಿದ, ತಪ್ಪು ಈಗಲೂ ಅವನದೇ ಎಂಬಂತೆ. ಹೊಳಬಸಪ್ಪ ನಾಚಿಕೆಯಿಂದ ಬೇಡಿ ಬಿಚ್ಚಿದ. ಮೊಳೆಯ ಸಂಗತಿ ಮೊದಲೇ ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದ.

ಯಮನಪ್ಪ ಮಣಿಕಟ್ಟು ತಿಕ್ಕಿಕೊಂಡ. "ನೀವು ಬೇಡಿ ತಂದಿದ್ರಿ ಸಾಹೇಬ್ರ. ನನ್ನ ಏನೂ ಕೇಳಲಿಲ್ಲ."