ಯಮನ ಗುಮಾಸ್ತ ಮತ್ತು ನಾನು

ಬಾಗಿಲು ತೆಗೆದಾಗ ಅವರು ಚಪ್ಪಲಿ ಬಿಚ್ಚಿ, ತಲೆ ತಗ್ಗಿಸಿ, ಸಾವಿನ ಮನೆಗೆ ಬಂದವರ ಹಾಗೆ ನಿಂತಿದ್ದರು. ಕೈಯಲ್ಲಿ ಒಂದು ನೋಟ್‌ಬುಕ್ಕು.

"ಪತ್ರಿಕೆ ಆಫೀಸಿಂದ ಬಂದಿದ್ದೀನಿ," ಎಂದರು ಮೆಲ್ಲಗೆ. "ನಿಮ್ಮ ತಂದೆಯವರು ಯಾವಾಗ ಹೋದ್ರು?"

"ಎಲ್ಲಿಗೆ ಹೋಗ್ತಾರೆ? ಬಾತ್‌ರೂಮಿಗೆ ಹೋಗ್ಬೇಕಾದ್ರೂ ನಾನೇ ಎತ್ತಬೇಕು."

ಅವರ ಮುಖ ನೋಡಬೇಕಿತ್ತು. ಕಿವಿಯ ತುದಿಯಲ್ಲಿ ಶುರುವಾದ ಕೆಂಪು ಕುತ್ತಿಗೆಯವರೆಗೆ ಇಳಿಯಿತು. ಅಪ್ಪನ ಹಾಗೆಯೇ ಯುದ್ಧವಿಮಾನ ಹಾರಿಸುತ್ತಿದ್ದ ಇನ್ಯಾರೋ ತೀರಿಕೊಂಡಿದ್ದರಂತೆ. ಆಫೀಸಿನಲ್ಲಿ ವಿಳಾಸ ಅದಲುಬದಲಾಗಿತ್ತು.

"ಯಾರೇ ಅದು?" ಒಳಗಿನಿಂದ ಅಪ್ಪ ಕೂಗಿದ.

"ನೀನು ಸತ್ತಿದ್ದೀಯಂತೆ ಅಪ್ಪ. ವಿಚಾರಿಸೋಕೆ ಬಂದಿದ್ದಾರೆ."

"ಹೌದಾ? ನನಗೆ ಯಾರೂ ಹೇಳೇ ಇಲ್ವಲ್ಲ! ಒಳಗೆ ಕರಿ. ಯಾವ ಪುಟದಲ್ಲಿ ಹಾಕ್ತಾರೋ ಕೇಳೋಣ."

ಎಂಬತ್ತೊಂಬತ್ತು ವರ್ಷದ ಅಪ್ಪ ಅವತ್ತೇ ಅವರಿಗೆ ಹೆಸರಿಟ್ಟ: ಯಮನ ಗುಮಾಸ್ತ. ತೀರಿಕೊಂಡವರ ಬಗ್ಗೆ ಬರೆಯುವುದೇ ಅವರ ಕೆಲಸ. ವಯಸ್ಸಾದ ಗಣ್ಯರ ಬಗ್ಗೆ ಪತ್ರಿಕೆಗಳು ಮೊದಲೇ ಬರೆದಿಟ್ಟುಕೊಳ್ಳುತ್ತವೆಂದು ನನಗೂ ಅವತ್ತೇ ಗೊತ್ತಾಗಿದ್ದು. "ಹೇಗೂ ಬಂದಿದ್ದೀರಿ, ನಂದೂ ಬರ್ಕೊಂಡುಬಿಡಿ," ಎಂದ ಅಪ್ಪ. ಪ್ರತಿ ಗುರುವಾರ ಮಧ್ಯಾಹ್ನ ಬರುವುದೆಂದು ನಿಗದಿಯಾಯಿತು.

ನಮ್ಮದು ಮೂರನೇ ಮಹಡಿಯ ಎರಡು ಕೋಣೆಯ ಮನೆ. ಅಪ್ಪನ ಮಂಚದ ಪಕ್ಕದಲ್ಲಿ ಆಕ್ಸಿಜನ್ ಮೆಷಿನ್ನು ಹಗಲೂ ರಾತ್ರಿ ಗುಂಯ್‌ಗುಡುತ್ತಿರುತ್ತದೆ. ಕರೆಂಟು ಹೋದರೆ ಮೂಗಿನ ಕೊಳವೆಯನ್ನು ಸಿಲಿಂಡರಿಗೆ ಬದಲಾಯಿಸಬೇಕು. ಹೆಚ್ಚೆಂದರೆ ಇಪ್ಪತ್ತು ನಿಮಿಷ ತಡೆದಾರು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಆರು ವರ್ಷದಿಂದ ನಾನು ಇಪ್ಪತ್ತು ನಿಮಿಷಕ್ಕಿಂತ ದೂರ ಹೋದವಳಲ್ಲ. ಅಂಚೆ ಮೂಲಕ ಓದುವವರ ಗಣಿತದ ಉತ್ತರಪತ್ರಿಕೆ ತಿದ್ದುತ್ತಾ ಕೂತಲ್ಲೇ ನನಗೆ ನಲವತ್ತಮೂರು ತುಂಬಿತ್ತು.

ನಮ್ಮ ಪ್ರೇಮವೂ ಅಷ್ಟರೊಳಗೇ ಆಗಬೇಕಿತ್ತು. ಅವತ್ತಿನದನ್ನು ಬರೆದು ಮುಗಿಸಿದ ಮೇಲೆ ಗುಮಾಸ್ತರು ನನ್ನ ಜೊತೆ ಔಷಧಿ ಅಂಗಡಿಗೆ ಬರುತ್ತಿದ್ದರು. ಹೋಗೋಕೆ ಎಂಟು ನಿಮಿಷ, ಬರೋಕೆ ಎಂಟು. ನಡುವೆ ಅಂಗಡಿಯ ಮುಂದೆ ನಾಲ್ಕು.

"ನೀವು ನನ್ನ ಕಡೆ ನೋಡೋದಕ್ಕಿಂತ ಗಡಿಯಾರ ನೋಡೋದೇ ಜಾಸ್ತಿ," ಎಂದರು ಒಂದು ದಿನ.

"ಗಡಿಯಾರ ವಾಪಸ್ ನೋಡಲ್ಲ. ಅದಕ್ಕೇ ಧೈರ್ಯ."

ಅವರು ವಾಪಸ್ ನೋಡಿದರು. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು, ನಿಧಾನವಾಗಿ ನೋಡಿದರು. ಅಂಗಡಿಯವನು ಚಿಲ್ಲರೆ ಹಿಡಿದುಕೊಂಡು ಎರಡು ಸಲ ಕರೆದನಂತೆ. ನನಗೆ ಕೇಳಿಸಿದ್ದರೆ ತಾನೇ!

ಎಂಟು ತಿಂಗಳು ಹೀಗೇ ನಡೆಯಿತು. ಒಂದು ಗುರುವಾರ ಎರಡನೇ ಮಹಡಿಯ ಮೆಟ್ಟಿಲಲ್ಲಿ ಅವರು ನಿಂತುಬಿಟ್ಟರು.

"ಮದುವೆ ಆಗೋಣ್ವಾ?"

ಸುಳ್ಳು ಯಾಕೆ ಹೇಳಲಿ, ಕುಣಿಯಬೇಕು ಎನಿಸಿತು. ಆದರೆ ಬಾಯಿಂದ ಬಂದ ಮಾತು ಬೇರೆ.

"ನಾನು ಅಪ್ಪನ್ನ ಬಿಟ್ಟು ಬರೋಕಾಗಲ್ಲ. ಈ ಜೈಲಿಗೆ ಇನ್ನೊಬ್ಬರನ್ನ ತಂದು ಹಾಕೋಕೂ ನನಗೆ ಇಷ್ಟ ಇಲ್ಲ."

"ಸರಿ, ಕಾಯ್ತೀನಿ."

"ಏನನ್ನ?"

ಕೇಳಬಾರದಿತ್ತು. ಮೇಲಿನಿಂದ ಮೆಷಿನ್ನಿನ ಸದ್ದು ಸಣ್ಣಗೆ ಕೇಳುತ್ತಿತ್ತು. ಅದು ನಿಲ್ಲುವವರೆಗೆ ಕಾಯುವುದು ಎಂದೇ ಅರ್ಥ. ನಾನೂ ಎಷ್ಟೋ ದಿನದಿಂದ ಕಾಯುತ್ತಿದ್ದೇನೆ ಎಂದು ಆ ಕ್ಷಣ ನನಗೆ ಗೊತ್ತಾಯಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಇನ್ಮೇಲೆ ಬರಬೇಡಿ," ಎಂದು ಹೇಳಿ ಮೆಟ್ಟಿಲು ಹತ್ತಿದೆ.

ಎರಡು ಗುರುವಾರ ಖಾಲಿ ಹೋದವು. ಅಪ್ಪನಿಗೆ ಚಮಚದಲ್ಲಿ ಗಂಜಿ ಕುಡಿಸುವಾಗ ಅವನ ಉಸಿರು ಒಂದು ಕ್ಷಣ ತಡೆದರೆ ಭಯವಾಗುತ್ತಿತ್ತು. ಅದು ಬರೀ ಭಯವೇನಾ ಎಂದು ಇನ್ನೊಂದು ಭಯ.

"ಗುಮಾಸ್ತ ಯಾಕೆ ಬರ್ತಿಲ್ಲ?" ಅಪ್ಪ ಕೇಳಿದ.

"ಬರಬೇಡಿ ಅಂದೆ."

"ಯಾಕೆ?"

"ನೀನು ಸಾಯೋದನ್ನ ಕಾಯೋಕೆ ಇಬ್ಬರು ಯಾಕೆ, ನಾನೊಬ್ಬಳು ಸಾಲದಾ?"

ಮಾತು ಜಾರಿಹೋಗಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡ. ಬೈಯುತ್ತಾನೆ ಎಂದುಕೊಂಡೆ. ಅವನು ಚಮಚವನ್ನು ಪಕ್ಕಕ್ಕೆ ಸರಿಸಿ, ಕೂತುಕೋ ಎಂದು ಸನ್ನೆ ಮಾಡಿದ.

ಯುದ್ಧದಲ್ಲಿ ಅವನ ವಿಮಾನಕ್ಕೆ ಗುಂಡು ಬಿದ್ದು, ಪ್ಯಾರಾಚೂಟಿನಲ್ಲಿ ಇಳಿದು, ಹದಿನಾಲ್ಕು ತಿಂಗಳು ಶತ್ರುಗಳ ಸೆರೆಯಲ್ಲಿದ್ದದ್ದು ಎಲ್ಲರಿಗೂ ಗೊತ್ತು. ಸೆರೆಯೊಳಗಿನ ಕಥೆ ಮಾತ್ರ ಯಾರಿಗೂ ಹೇಳಿರಲಿಲ್ಲ.

"ನನ್ನ ವಿಮಾನದಲ್ಲಿ ದಾರಿ ನೋಡೋನು ಒಬ್ಬನಿದ್ದ," ಎಂದ ಅಪ್ಪ. ಪ್ರತಿ ವಾಕ್ಯಕ್ಕೂ ಉಸಿರು ಎಳೆದುಕೊಳ್ಳಬೇಕಿತ್ತು. "ಒಂದೇ ಕೋಣೇಲಿ ಹಾಕಿದ್ರು. ಅವನಿಗೆ ಹೊಟ್ಟೆಗೆ ಗಾಯ. ಮೂಳೆ ಕೊರಿಯೋ ಚಳಿ, ತಲೆಗೊಂದು ಕಂಬಳಿ. ನಾನು ಅವನ ಕಂಬಳಿ ನೋಡ್ಕೊಂಡು ಮಲಗ್ತಿದ್ದೆ ಕಣೇ. ಇವತ್ತಲ್ಲ ನಾಳೆ ಹೋಗ್ತಾನೆ ಅಂತ. ಹೋದ. ಎರಡೂ ಹೊದ್ಕೊಂಡು ಮಲಗಿದೆ. ಅಂಥ ನಿದ್ದೆ ನನಗೆ ಮತ್ತೆ ಬರ್ಲೇ ಇಲ್ಲ."

"ನೀನೇನು ಅವನನ್ನ ಕೊಲ್ಲಲಿಲ್ಲವಲ್ಲ ಅಪ್ಪ."

"ಇಲ್ಲ. ಕಾದೆ ಅಷ್ಟೆ. ಬಿಡುಗಡೆ ಆದ್ಮೇಲೆ ಅವನ ಅಮ್ಮನ್ನ ನೋಡೋಕೆ ಹೋದೆ. ಗೇಟು ಮುಟ್ಟಿ ವಾಪಸ್ ಬಂದೆ. ಅರವತ್ತು ವರ್ಷ ಆಯ್ತು." ನನ್ನ ಮಣಿಕಟ್ಟು ಹಿಡಿದುಕೊಂಡ. ಇನ್ನೂ ಪೈಲಟ್ಟಿನ ಹಿಡಿತ. "ನಾನು ಹೋದ್ಮೇಲೆ ಸಿಗೋ ಸುಖ ನಿನಗೆ ಬೇಡ ಮಗಳೇ. ಅದು ಜೀರ್ಣ ಆಗಲ್ಲ. ನಾನು ಇರೋವಾಗ್ಲೇ ತಗೋ. ಇದು ಆರ್ಡರು."

ಫೋನು ಅವನೇ ಮಾಡಿದ. ಗುಮಾಸ್ತರು ಅರ್ಧ ಗಂಟೆಯಲ್ಲಿ ಬಂದರು, ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು.

ನಾನು ಹೊರಗೆ ಹೋದಾಗ ನೋಡಿಕೊಳ್ಳಲೆಂದು ಕೆಳಮನೆಯ ರಿಟೈರ್ಡ್ ಟೀಚರಮ್ಮನಿಗೆ ಅಪ್ಪ ಸಿಲಿಂಡರ್ ಬದಲಾಯಿಸುವ ಡ್ರಿಲ್ ಶುರು ಮಾಡಿದ. ಕೈಗಡಿಯಾರ ಹಿಡಿದು ಕೂತ. "ಐವತ್ತು ಸೆಕೆಂಡು! ಇಷ್ಟು ಹೊತ್ತಿಗೆ ನಾನು ಸತ್ತು, ಸುದ್ದಿ ಅಚ್ಚಾಗಿರ್ತಿತ್ತು!" ನಲವತ್ತು ವರ್ಷ ಮಕ್ಕಳನ್ನು ಗದರಿಸಿದ ಟೀಚರಮ್ಮ ಬಿಟ್ಟಾರೆಯೇ? "ಬಾಯಿ ಮುಚ್ಕೊಂಡು ಮೂಗಲ್ಲಿ ಉಸಿರಾಡಿ," ಎಂದರು. ಮೂರನೇ ದಿನಕ್ಕೆ ಹದಿನೆಂಟು ಸೆಕೆಂಡಿಗೆ ಇಳಿಸಿದರು.

ಮದುವೆಯ ದಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ಉದ್ದನೆಯ ಬೆಂಚು, ನಮಗಿಂತ ಮುಂದೆ ಏಳು ಜೋಡಿ. ಇಪ್ಪತ್ತನೇ ನಿಮಿಷಕ್ಕೆ ನನ್ನ ಉಸಿರು ಕಟ್ಟಿತು. ಹೊರಗಿದ್ದೂ ಒಳಗೇ ಇದ್ದೆ. ಎದ್ದು ನಿಂತೆ.

"ನನಗೆ ಮನೆಗೆ ಹೋಗ್ಬೇಕು."

"ಹೋಗೋಣ," ಎಂದು ಅವರೂ ಎದ್ದರು. ಮುಖದಲ್ಲಿ ಬೇಸರದ ಸುಳಿವಿಲ್ಲ. ನನ್ನ ಚೀಲವನ್ನೂ ಎತ್ತಿಕೊಂಡರು. "ನಾಳೆ ಬರೋಣ. ನಾಳೆನೂ ಆಗ್ಲಿಲ್ಲ ಅಂದ್ರೆ ನಾಡಿದ್ದು."

ತಡೆದಿದ್ದರೆ ಓಡಿಬಿಡುತ್ತಿದ್ದೆ. ಅವರು ತಡೆಯಲಿಲ್ಲ, ಕೂತುಬಿಟ್ಟೆ. ಅವರ ಕೈ ಹಿಡಿದುಕೊಂಡೆ, ಎಲ್ಲರ ಮುಂದೆಯೇ. ಬೆಚ್ಚಗಿತ್ತು ಆ ಕೈ. ನಮ್ಮ ಸರದಿ ಬರುವವರೆಗೂ ಬಿಡಲಿಲ್ಲ.

ಮೂರು ಗಂಟೆ ಕಳೆದು ಮನೆಗೆ ಬಂದರೆ ಅಪ್ಪ ಟೀಚರಮ್ಮನ ಜೊತೆ ಜಗಳವಾಡುತ್ತಿದ್ದ. ನಮ್ಮನ್ನು ನೋಡಿ ಸೆಲ್ಯೂಟ್ ಹೊಡೆದ.

"ನೋಡು, ಸಾಯ್ಲಿಲ್ಲ," ಎಂದ. "ಅಳಿಯಂದಿರೇ, ಇನ್ನು ನನ್ನ ಬಗ್ಗೆ ನೀವು ಬರೆಯೋ ಹಾಗಿಲ್ಲ ಅಲ್ವಾ?"

ನನಗೆ ಆಗಲೇ ಗೊತ್ತಾದದ್ದು. ಸ್ವಂತ ಸಂಬಂಧಿಕರ ಬಗ್ಗೆ ಬರೆಯಬಾರದೆಂದು ಪತ್ರಿಕೆಯ ನಿಯಮ. ಎಂಟು ತಿಂಗಳ ನೋಟ್‌ಬುಕ್ಕು ಬೇರೆಯವರ ಕೈಗೆ ಹೋಗುತ್ತದೆಂದು ಗೊತ್ತಿದ್ದೇ ಇವರು ಸಹಿ ಹಾಕಿದ್ದರು.

ಅವರು ನಮ್ಮ ಮನೆಗೇ ಬಂದು ಉಳಿದರು. ಹತ್ತೊಂಬತ್ತು ದಿನ ನಾವು ಮೂವರಿದ್ದೆವು. ಸಂಜೆ ನಾನೂ ಅವರೂ ಹೊಳೆಯವರೆಗೆ ನಡೆಯುತ್ತಿದ್ದೆವು, ಒಂದೊಂದು ದಿನ ಒಂದು ಗಂಟೆ. ಹಿಂದಿರುಗುವಾಗ ಬಾಗಿಲಲ್ಲಿ ನನ್ನ ಎದೆ ಹೊಡೆದುಕೊಳ್ಳುವುದು ಮಾತ್ರ ನಿಂತಿರಲಿಲ್ಲ.

ಇಪ್ಪತ್ತನೇ ದಿನ ನಾವು ಅಂಗಡಿಯಲ್ಲಿ ದಿಂಬು ಆರಿಸುತ್ತಿದ್ದೆವು. ಅವರು ಒಂದನ್ನು ಕೆನ್ನೆಗೆ ಒತ್ತಿಕೊಂಡು ಗೊರಕೆ ಹೊಡೆದು ತೋರಿಸಿದರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆಗ ಟೀಚರಮ್ಮನ ಫೋನು ಬಂತು.

ಕರೆಂಟು ಹೋಗಿರಲಿಲ್ಲ. ಮೆಷಿನ್ನು ನಡೆಯುತ್ತಲೇ ಇತ್ತು. ಅಪ್ಪ ಮಾತಾಡುತ್ತಾ ಮಾತಾಡುತ್ತಾ ಸುಮ್ಮನಾಗಿದ್ದ.

ಪತ್ರಿಕೆಯಲ್ಲಿ ಎಂಟು ಸಾಲು ಬಂತು. ಬಂದವರೆಲ್ಲ ಹೋದರು. ಮೆಷಿನ್ನನ್ನು ಬಾಡಿಗೆಗೆ ಕೊಟ್ಟಿದ್ದವರು ಎತ್ತಿಕೊಂಡು ಹೋದರು. ನನಗೆ ಒಂದು ಹನಿ ಕಣ್ಣೀರೂ ಬಂದಿರಲಿಲ್ಲ. ಅಳಲು ನನಗೆ ಹಕ್ಕಿದೆಯೋ ಇಲ್ಲವೋ ತಿಳಿಯದೆ ಅಪ್ಪನ ಮಂಚದ ತುದಿಯಲ್ಲಿ ಕೂತಿದ್ದೆ.

"ನಿಜ ಹೇಳಿ," ಎಂದೆ. "ನಾವು ಅಪ್ಪ ಸಾಯೋದನ್ನ ಕಾಯ್ತಿರ್ಲಿಲ್ಲ ಅಲ್ವಾ?"

ಇಲ್ಲವೇ ಇಲ್ಲ ಎನ್ನಬಹುದಿತ್ತು. ಅವರು ಪಕ್ಕದಲ್ಲಿ ಬಂದು ಕೂತರು.

"ಕಾಯ್ತಿದ್ವಿ. ಇಬ್ಬರೂ," ಎಂದರು. "ಆಮೇಲೆ ನಿಲ್ಲಿಸಿದ್ವಿ. ಅವರು ಇರೋವಾಗ್ಲೇ."

ಆಗ ಅಳು ಬಂತು. ಅವರ ಹೆಗಲ ಮೇಲೆ ತಲೆಯಿಟ್ಟು ಸಂಜೆಯವರೆಗೂ ಅಳುತ್ತಿದ್ದೆ. ಅದರಲ್ಲಿ ಬೇರೆ ಏನೂ ಬೆರೆತಿರಲಿಲ್ಲ. ಅಪ್ಪನನ್ನು ಕಳೆದುಕೊಂಡ ಮಗಳ ಅಳು, ಅಷ್ಟೇ.