ಒರೆಸಿದವನು, ಓಡಿಸಿದವನು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಮಲಗುವವರಿಗೆ. ಎದ್ದು ಕೂತು ಸ್ಟೇರಿಂಗ್ ಹಿಡಿಯುವವರ ಗಾದೆ ಬೇರೆ: ರಸ್ತೆ ಇದ್ದಷ್ಟು ಕಾಲು ಒತ್ತು. ಈ ಗಾದೆಯನ್ನು ನಂಬಿದ ಸ್ವರೂಪನ ಕತೆ ಇದು, ಪೂರ್ತಿ ನಿಜ. ಸುಳ್ಳಾಗಿದ್ದರೆ ಅವನನ್ನು ಇನ್ನೊಂದು ಚೂರು ಬುದ್ಧಿವಂತನನ್ನಾಗಿ ಮಾಡಬಹುದಿತ್ತು.

ಸ್ವರೂಪನದು ಮಂಡ್ಯದಲ್ಲಿ ಕಾರು ತೊಳೆಯುವ ಅಂಗಡಿ. ಓದಿದ್ದು ಬಿ.ಕಾಂ., ಒಲಿದದ್ದು ಮಿಮಿಕ್ರಿ. ಹಗಲೆಲ್ಲ ಕಾರುಗಳ ಮೈ ತಿಕ್ಕುತ್ತಿದ್ದ, ಸಂಜೆ ಅವುಗಳ ಬಗ್ಗೆ ವೀಡಿಯೊ ಮಾಡಿ ಹಾಕುತ್ತಿದ್ದ. 'ಈ ಗಾಡಿ ಓಡಿಸೋ ಸುಖ ಏನಂತ ಹೇಳ್ಲಿ' ಎಂದು ಶುರುಮಾಡಿ ಎಂಜಿನ್ನಿನ ಗುಡುಗು, ಗೇರು ಬೀಳುವ ಸದ್ದು, ತಿರುವಿನಲ್ಲಿ ಟಯರಿನ ಕಿರುಚಾಟ ಎಲ್ಲವನ್ನೂ ಬಾಯಲ್ಲೇ ಮಾಡಿ ತೋರಿಸುತ್ತಿದ್ದ. ಜನ ಮೆಚ್ಚಿಕೊಂಡೇ ಇದ್ದರು. ಒಂದು ದಿನ ಯಾರೋ ಪುಣ್ಯಾತ್ಮ ಕೆಳಗೆ ಬರೆದ: 'ಅಣ್ಣಾ, ನೀನು ಓಡಿಸಿದವನಲ್ಲ, ಒರೆಸಿದವನು.' ಆ ಒಂದು ಸಾಲಿಗೆ ಬಿದ್ದಷ್ಟು ಲೈಕು ಸ್ವರೂಪನ ಎಲ್ಲ ವೀಡಿಯೊಗಳಿಗೆ ಸೇರಿಯೂ ಬಿದ್ದಿರಲಿಲ್ಲ.

ಉರಿದದ್ದು ಅದಕ್ಕಲ್ಲ. ಮಾತು ನಿಜವಾಗಿತ್ತು, ಅದಕ್ಕೆ. ಅವನು ಬಾಯಿತುಂಬ ಹೊಗಳಿದ ಒಂದು ಕಾರನ್ನೂ ಅಂಗಡಿಯ ಗೇಟು ದಾಟಿಸಿರಲಿಲ್ಲ.

ಅಂಥ ಹೊತ್ತಿನಲ್ಲಿ ಊರಿನ ರೈತ ಶಿವರಾಜು ಕೆಂಪು ಕಾರು ಕೊಂಡರು. ಹೆದ್ದಾರಿಗೆ ಅವರ ಜಮೀನು ಹೋಗಿ ಪರಿಹಾರದ ದುಡ್ಡು ಬಂದಿತ್ತು. ಜಮೀನೇ ರಸ್ತೆಯಾದ ಮೇಲೆ ಆ ರಸ್ತೆಯ ಮರ್ಯಾದೆಗೆ ತಕ್ಕ ಕಾರು ಬೇಡವೇ ಎಂದು ಅವರ ವಾದ. ಎರಡೇ ಬಾಗಿಲು, ನೆಲ ನೆಕ್ಕುವಷ್ಟು ತಗ್ಗು, ಮೂತಿಯಲ್ಲಿ ಸಿಟ್ಟು, ಹೊಟ್ಟೆಯಲ್ಲಿ ಟರ್ಬೊ ಎಂಜಿನ್. ಅದನ್ನು ಅವರು ಓಡಿಸುತ್ತಿದ್ದ ರೀತಿಗೆ ಕಬ್ಬಿನ ಟ್ರ್ಯಾಕ್ಟರಿನವರು ಹಿಂದಿನಿಂದ ಹಾರನ್ ಹೊಡೆಯುತ್ತಿದ್ದರು. ವಾರಕ್ಕೊಮ್ಮೆ ಸ್ವರೂಪನಲ್ಲಿಗೆ ತಂದು, ಕೀಲಿಯನ್ನು ಪಂಚೆಯ ಗಂಟಿಗೆ ಸಿಕ್ಕಿಸಿಕೊಂಡು, ಕುರ್ಚಿ ಎಳೆದುಕೊಂಡು ಕಾವಲು ಕೂರುತ್ತಿದ್ದರು.

"ಏನಂದ್ರೆ," ಎಂದು ಒಂದು ಕೆಮ್ಮು ಕೆಮ್ಮಿ ಹೇಳುತ್ತಿದ್ದರು, "ತೊಳಿ, ತಿಕ್ಕು, ಮುದ್ದು ಬೇಕಾದ್ರೂ ಮಾಡು. ಓಡ್ಸದ್ ಮಾತ್ರ ಕೇಳ್ಬ್ಯಾಡ ಕಣ್ಲಾ."

ಕೇಳುವಂತೆಯೂ ಇರಲಿಲ್ಲ. ಶಿವರಾಜು ಅವರ ಮಗಳು ದೀಪಿಕ ಮತ್ತು ಸ್ವರೂಪ್ ಒಬ್ಬರನ್ನೊಬ್ಬರು ಮೆಚ್ಚಿದ್ದರು. ವಿಷಯ ಮನೆಗೆ ಮುಟ್ಟಿತ್ತು. "ಹುಡ್ಗ ನಂಬ್ಕೆಗೆ ಯೋಗ್ಯನಾ ನೋಡ್ತೀನಿ, ಮಳವಳ್ಳಿ ಮದ್ವೆ ಮುಗಿಸ್ಕಂಡ್ ಬಂದು ಸಂಜಿಕೆ ಮಾತಾಡನ" ಎಂದು ಶಿವರಾಜು ದಿನ ಗೊತ್ತು ಮಾಡಿದ್ದರು. ಬುದ್ಧಿ ಇರುವ ಹುಡುಗ ಆ ದಿನ ಅಂಗಡಿಗೆ ಬೀಗ ಹಾಕಿ ದೇವರ ಪಟದ ಮುಂದೆ ಕೂತಿರುತ್ತಿದ್ದ. ಸ್ವರೂಪನ ಬುದ್ಧಿ ಅದೇ ದಿನವನ್ನು ಆರಿಸಿತು. ಅಳಿಯನಾದ ಮೇಲೆ ಮಾವನ ಕಾರು ಎತ್ತಿದರೆ ಅದನ್ನು ಕಳ್ಳತನ ಎನ್ನುವುದಿಲ್ಲ, ವರದಕ್ಷಿಣೆ ಎನ್ನುತ್ತಾರೆ. ಮರ್ಯಾದೆಯಿಂದ ಕದಿಯಬೇಕೆಂದರೆ ಈಗಲೇ. ಸಿಕ್ಕಿಬಿದ್ದರೆ ದೀಪಿಕ ಇಲ್ಲ. ಆದರೆ ಸಿಕ್ಕಿಬೀಳುವವರು ಯೋಚನೆ ಮಾಡದವರು, ಅವನಂತೂ ತಿಂಗಳಿಂದ ಬೇರೇನನ್ನೂ ಯೋಚಿಸಿರಲಿಲ್ಲ.

ಯೋಜನೆ ಸೊಗಸಾಗಿತ್ತು. ಶಿವರಾಜು ಮದುವೆಗೆ ಕಾರು ಒಯ್ಯುವುದಿಲ್ಲ. ನೆಂಟರ ಮಕ್ಕಳು ಕೈಯಾಡಿಸುತ್ತಾರೆಂಬ ಭಯಕ್ಕೆ ಬೆಳಗಿನ ಬಸ್ಸು ಹತ್ತುತ್ತಾರೆ. ಊಟ ಮುಗಿಸದೆ ಮಳವಳ್ಳಿ ಬಿಡುವುದಿಲ್ಲ. ಅವರದು ಗುಂಡಿ ಒತ್ತುವ ಹಳೇ ಫೋನು, ಕಾರು ಎಲ್ಲಿದೆಯೆಂದು ಚಾಡಿ ಹೇಳುವ ಜಾತಿಯದಲ್ಲ. ಎಕ್ಸ್‌ಪ್ರೆಸ್‌ ಹೆದ್ದಾರಿಯಲ್ಲಿ ಕ್ಯಾಮೆರಾ, ಟೋಲು ಎರಡೂ ಉಂಟು, ಹಾಗಾಗಿ ಹಳೇ ರಸ್ತೆ. ಮಂಡ್ಯದಿಂದ ಮದ್ದೂರು, ಅಲ್ಲಿಂದ ಮಳವಳ್ಳಿ ರಸ್ತೆಗೆ ಹೊರಳಿ, ಮದುವೆಮನೆಯ ವಾಲಗ ಕಿವಿಗೆ ಬೀಳುವುದಕ್ಕೆ ಬಹಳ ಮೊದಲೇ ಮತ್ತೆ ಮಂಡ್ಯದ ಕಡೆ. ಉರಿದಷ್ಟು ಪೆಟ್ರೋಲು ತುಂಬಿಸುವುದು, ತೊಳೆದು ಒರೆಸುವುದು. ಒರೆಸಿದವನು ಎಂದು ತಾನೇ ಅಂದದ್ದು? ಸಾಕ್ಷಿ ಒರೆಸುವುದರಲ್ಲಿ ಅವನನ್ನು ಮೀರಿಸುವವರು ಜಿಲ್ಲೆಯಲ್ಲಿ ಇರಲಿಲ್ಲ.

ಉಳಿದದ್ದು ಕೀಲಿ, ಆ ದಿನ ಅದು ಮನೆಯಲ್ಲಿ ಹೆಂಡತಿಯ ಕೈಯಲ್ಲಿರುತ್ತದೆ. ಅದಕ್ಕೆ ಶಿವರಾಜು ಅವರ ಗಂಟಲು ಬೇಕಿತ್ತು. ಆ ಗಂಟಲು ಸ್ವರೂಪನಿಗೆ ಬಾಯಿಪಾಠ: ರಾಗಿ ಮಿಲ್ಲಿನ ಗರಗರ, ಮಾತಿಗೆ ಮೊದಲು ಕೆಮ್ಮು, ಕೆಮ್ಮಿಗೆ ಮೊದಲು 'ಏನಂದ್ರೆ'. ಗಿರಾಕಿಗಳಿಗೆಂದು ಇಟ್ಟಿದ್ದ ಇನ್ನೊಂದು ಫೋನಿನಿಂದ ಆ ಬೆಳಿಗ್ಗೆ ಶಿವರಾಜು ಅವರ ಹೆಂಡತಿ ರೂಪ ಅವರಿಗೆ ಕರೆ ಮಾಡಿದ.

"ಏನಂದ್ರೆ... ಉಹ್ಹು... ನಾನು ಕಣಮ್ಮಿ. ಚಾರ್ಜ್ ಮುಗ್ದದೆ, ಬಸ್ಸಲ್ಲಿ ಪಕ್ಕದೋರ ಫೋನಲ್ಲಿ ಮಾತಾಡ್ತಾವ್ನಿ. ಆ ವಾಟರ್ ಸರ್ವಿಸ್ ಹುಡ್ಗ ಬತ್ತಾನೆ. ಕಾರಿನ್ ಕೀ ಕೊಡು, ತೊಳ್ಕಂಡ್ ಬರ್ಲಿ."

"ಯಾರ್ಗೂ ಕೊಡ್ಬ್ಯಾಡ ಅಂತ ನೀವೇ ಅಲ್ವೇನ್ರೀ ಅಂದಿದ್ದು?"

"ಏನಂದ್ರೆ, ನಾನ್ ಯಾವಾಗ್ ಅಂದೆ?"

ಆ ಕಡೆಯಿಂದ ಒಂದು ನಿಟ್ಟುಸಿರು ಬಂತು. ಲೋಕದಲ್ಲಿ ಆ ಮಾತನ್ನು ಅಷ್ಟು ನಿರಾಳವಾಗಿ ಆಡುವ ಗಂಡಸು ಒಬ್ಬನೇ ಎಂದು ರೂಪ ಅವರಿಗೆ ಗೊತ್ತಿತ್ತು. "ಆಯ್ತು ಬುಡಿ, ಕೊಡ್ತೀನಿ."

ಆ ಮನೆಯ ಈ ಪದ್ಧತಿಯನ್ನೂ ಸ್ವರೂಪ್ ಲೆಕ್ಕಕ್ಕೆ ತೆಗೆದುಕೊಂಡಿದ್ದ. ಸಂಜೆ ರೂಪ 'ನೀವೇ ಫೋನ್ ಮಾಡುದ್ರಿ' ಎನ್ನುತ್ತಾರೆ. ಶಿವರಾಜು 'ನಾನ್ ಯಾವಾಗ್ ಮಾಡ್ದೆ' ಎನ್ನುತ್ತಾರೆ. ಮದುವೆಯಾದಾಗಿನಿಂದ ಆ ಮನೆಯಲ್ಲಿ ದಿನಕ್ಕೆ ಹತ್ತು ಸಲ ನಡೆಯುವ ಮಾತುಕತೆಗೆ ಹನ್ನೊಂದನೆಯದು ಸೇರುತ್ತದೆ, ಅಷ್ಟೇ. ತನಿಖೆ ಅಲ್ಲಿಗೇ ಮುಕ್ತಾಯ.

ಕಾರು ಊರಾಚೆ ಬಂದದ್ದೇ ಅವನು ಕಾಲು ಒತ್ತಿದ. ಏನೂ ಆಗಲಿಲ್ಲ.

ಟರ್ಬೊ ಕಾರಿನ ಗುಟ್ಟು ಅವನಿಗೆ ಆಗ ತಿಳಿಯಿತು. ಕೂಗಿದ ಕೂಡಲೇ ಅದು ಬರುವುದಿಲ್ಲ. 'ಇರು, ಬತ್ತೀನಿ' ಎಂದು ಒಳಗೆ ಪಂಚೆ ಬಿಗಿ ಮಾಡಿಕೊಳ್ಳುವ ಯಜಮಾನನ ಹಾಗೆ ಅರೆಕ್ಷಣ ಸುಮ್ಮನಿರುತ್ತದೆ. ಆಮೇಲೆ ಎಲ್ಲೋ ದೂರದಿಂದ ತೆಳ್ಳನೆ ಸಿಳ್ಳೆ. ಸಿಳ್ಳೆ ಎಲ್ಲಿಂದ ಬಂತೆಂದು ತಿರುಗಿ ನೋಡುವಷ್ಟರಲ್ಲಿ ಹಿಂದಿನಿಂದ ಹೋರಿ ಗುಮ್ಮಿದಂತೆ ಬೆನ್ನು ಸೀಟಿಗೆ ಅಂಟುತ್ತದೆ, ಹೊಟ್ಟೆ ಇನ್ನೂ ಹಿಂದಿನ ಮೈಲಿಗಲ್ಲಿನ ಹತ್ತಿರವೇ ಇರುತ್ತದೆ. ತನ್ನ ವೀಡಿಯೊಗಳಲ್ಲಿ ಅವನು ಸಿಳ್ಳೆಯನ್ನು ಗುಮ್ಮಿದ ಮೇಲೆ ಹೊಡೆದಿದ್ದ! ಒಬ್ಬನೇ ಕೂತು ನಾಚಿಕೊಂಡ. ನಾಚಿಕೆ ಮುಗಿಯುವ ಮೊದಲೇ ಮತ್ತೊಮ್ಮೆ ಒತ್ತಿದ.

ಸ್ಟೇರಿಂಗ್ ಬೆರಳ ತುದಿಗೆ ಮಾತಾಡುತ್ತಿತ್ತು. ರಸ್ತೆಯ ಪ್ರತಿ ಹರಳೂ ತನ್ನ ಹೆಸರು ಹೇಳಿ ಪರಿಚಯ ಮಾಡಿಕೊಳ್ಳುತ್ತಿತ್ತು. ಬ್ರೇಕು ಒತ್ತಿದರೆ ಹೆಂಡತಿ ಕರೆದಂತೆ, ಇದ್ದಲ್ಲೇ ನಿಲ್ಲಬೇಕು. ಸ್ಪೀಡ್ ಬ್ರೇಕರ್ ಬಂದಾಗ ಮಾತ್ರ ರಾಜಗಾಂಭೀರ್ಯವೆಲ್ಲ ಇಳಿದು, ತುಂಬಿದ ಕೊಡ ಹೊತ್ತವಳು ಕೆಸರು ದಾಟುವಂತೆ ಓರೆಯಾಗಿ, ಉಸಿರು ಹಿಡಿದು ದಾಟಬೇಕಿತ್ತು. ಮದ್ದೂರು ಬಂದದ್ದು ಅವನಿಗೆ ತಿಳಿಯಲೇ ಇಲ್ಲ, ವಡೆಯ ವಾಸನೆ ಮೂಗಿಗೆ ಬಂದು ಹಿಂದೆ ಹೋದ ಮೇಲೆ ತಿಳಿಯಿತು. ಯಾವ ಧ್ವನಿಯಲ್ಲೂ ಅಲ್ಲ, ತನ್ನದೇ ಧ್ವನಿಯಲ್ಲಿ ಅವನು ಒಮ್ಮೆ ಕಿರುಚಿದ. ಎಷ್ಟೋ ವರ್ಷಗಳ ಮೇಲೆ ಕೇಳಿದ ಆ ಧ್ವನಿ ಅವನಿಗೇ ಗುರುತು ಹತ್ತಲಿಲ್ಲ.

ಮಳವಳ್ಳಿ ರಸ್ತೆಗೆ ಹೊರಳಿದಾಗ ಮೋಡ ಕವಿಯುತ್ತಿತ್ತು. ಚಿಕ್ಕರಸಿನಕೆರೆ ಇನ್ನೇನು ಬಂತು ಎನ್ನುವಾಗ ತಿರುವು ದಾಟಿದವನು ಗಕ್ಕನೆ ನಿಲ್ಲಿಸಿದ. ಮುಂದೆ ರಸ್ತೆಯೇ ಇರಲಿಲ್ಲ. ಅದರ ಅಗಲಕ್ಕೂ ಕಿತ್ತು ಒಣಗಿಸಿದ ಹುರುಳಿ ಗಿಡ ಹಾಸಿತ್ತು. ಒಂದು ಬದಿ ನಾಲೆ, ಇನ್ನೊಂದು ಬದಿ ಹಳ್ಳ. ಕಣ ಮಾಡುವವರು ಕಡಿಮೆಯಾದ ಮೇಲೆ ಈ ಕಡೆಯ ರೈತರಿಗೆ ಟಾರು ರಸ್ತೆಯೇ ಕಣ, ಬಂದುಹೋಗುವ ಬಸ್ಸು ಲಾರಿಗಳೇ ಕಾಳು ಬಿಡಿಸುವ ಗುಂಡುಕಲ್ಲು.

ಸೆರಗು ಸಿಕ್ಕಿಸಿದ ಹಿರಿಯ ಹೆಂಗಸೊಬ್ಬಳು ಬಡಿಗೆ ಹಿಡಿದು ಕಾರಿನೆದುರು ಬಂದು ನಿಂತಳು. "ಹೊಂಬಾಳಮ್ಮಾ, ಚಕ್ರ ನೋಡಮ್ಮೋ ಎಷ್ಟ್ ಅಗಲ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ನೋಡ್ದೆ ಕಣಮ್ಮಿ, ಗುಂಡುಕಲ್ ಇದ್ದಂಗವೆ," ಎಂದಳು ಹೊಂಬಾಳಮ್ಮ. ಆಮೇಲೆ ಸ್ವರೂಪನಿಗೆ: "ಬಾಪ್ಪ, ಉಳ್ಳಿ ಮೇಲೇ ಬುಡು. ಮೋಡ ಆಗದೆ. ಬೆಳಗಿಂದ ಒಂದ್ ಲಾರಿ ಬರ್ನಿಲ್ಲ. ನಾಕ್ ಸುತ್ತು ತುಳುದ್ಬುಟ್ಟು ಓಗು."

"ಅವ್ವಾ, ಇದು ತುಳಿಯೋ ಕಾರಲ್ಲ ಕಣವ್ವ! ತಗ್ಗು, ಹೊಟ್ಟೆ ಕೆಳಗೆ ಬಿಸಿ ಇರ್ತದೆ..."

"ನಮ್ಗೂ ಒಟ್ಟೆ ಅದೆ ಕಣಪ್ಪ. ನೆಂದೋದ್ರೆ ಅದ್ಕೇನ್ ಆಕನ?"

ವಾದ ಬೆಳೆದರೆ ಜನ ಸೇರುತ್ತಾರೆ, ಜನ ಸೇರಿದರೆ ಫೋಟೊ ತೆಗೆಯುತ್ತಾರೆ. ಚಾಣಾಕ್ಷ ಅಪರಾಧಿ ಸ್ಥಳದ ಕಾನೂನಿಗೆ ತಲೆಬಾಗುತ್ತಾನೆ. ಅವನು ಮೊದಲ ಗೇರಿನಲ್ಲಿ ಹುರುಳಿಯ ಮೇಲೆ ಹತ್ತಿಸಿದ. ಹೋದ, ಹಿಂದಕ್ಕೆ ಬಂದ. ಕೆಳಗೆ ಚಟಪಟ ಚಟಪಟ. ರಸ್ತೆಯಂಚಿನ ಕಲ್ಲಿನ ಮೇಲೆ ಪಟ್ಟಾಪಟ್ಟಿ ಚಡ್ಡಿ, ಬನಿಯನ್ನಿನಲ್ಲಿ ಒಬ್ಬ ಕೂತಿದ್ದ. ಧೂಳಿಗೆ ಮೂಗು ಬಾಯಿ ತಲೆ ಎಲ್ಲ ಟವೆಲಿನಲ್ಲಿ ಸುತ್ತಿಕೊಂಡು ಬರೀ ಕಣ್ಣು ಬಿಟ್ಟಿದ್ದ. ಕಾರು ಅಂಚು ಮುಟ್ಟಿದಾಗಲೆಲ್ಲ ಮಾತಿಲ್ಲದೆ ತೋರುಬೆರಳು ಎತ್ತಿ ಗಾಳಿಯಲ್ಲಿ ಒಂದು ಸುತ್ತು ಸುತ್ತಿಸುತ್ತಿದ್ದ: ಇನ್ನೊಂದು. ಸ್ವರೂಪ್ ತುಟಿ ಕಚ್ಚಿ ಇನ್ನೊಂದು ಸುತ್ತು ಹಾಕುತ್ತಿದ್ದ. ಹುರುಳಿ ಹುರಿದ ವಾಸನೆ ಬಂದಾಗ ಅವನು ಕಾರು ನಿಲ್ಲಿಸಿಬಿಟ್ಟ. ಆ ಮೂಕನೇ ಓಡಿಬಂದು ಅಂಗಾತ ಮಲಗಿ, ಕಾರಿನ ಹೊಟ್ಟೆಗೆ ಸಿಕ್ಕಿದ್ದ ಹೊಟ್ಟನ್ನೆಲ್ಲ ಎಳೆದು ಹಾಕಿದ. ಎದ್ದವನು ಎತ್ತಿನ ಬೆನ್ನು ತಟ್ಟುವಂತೆ ಡಿಕ್ಕಿಯನ್ನು ತಟ್ಟಿದ. ಹೋಗು.

ಸ್ವರೂಪ್ ಹೋದ. ಸಾವಕಾಶವಾಗಿ ಅಲ್ಲ.

ಅಂಗಡಿಯಲ್ಲಿ ಕಾರನ್ನು ಮೇಲೆತ್ತಿ ನಿಲ್ಲಿಸಿ ಅವನು ಮಾಡಿದ ಕೆಲಸ ಕಲೆ ಎನ್ನುವ ಮಟ್ಟದ್ದು. ಕಡ್ಡಿ ಕಡ್ಡಿಯನ್ನೂ ಚಿಮುಟದಿಂದ ಹೆಕ್ಕಿದ. ಚಕ್ರದ ಸಂದಿಗಳಿಗೆ ಹಲ್ಲುಜ್ಜುವ ಬ್ರಶ್ಶು ಹಾಕಿದ. ಕಾರಿನೊಳಗೆ ಒಂದೇ ಒಂದು ಹುರುಳಿಕಾಳು ಸಿಕ್ಕಿತು, ಅದನ್ನು ನುಂಗಿದ. ಪೆಟ್ರೋಲು ಮುಳ್ಳು ಇದ್ದಲ್ಲೇ ಇತ್ತು, ಸೀಟು ಇದ್ದಷ್ಟೇ ಹಿಂದಿತ್ತು. ಮಧ್ಯಾಹ್ನಕ್ಕೆ ಕಾರು ಶೆಡ್ಡಿನಲ್ಲಿ, ಕೀಲಿ ರೂಪ ಅವರ ಕೈಯಲ್ಲಿ.

ಸಂಜೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೆಣ್ಣು ಕೇಳುವ ಹುಡುಗನಾಗಿ ಅದೇ ಮನೆಗೆ ಬಂದ. ಅಡುಗೆಮನೆ ಬಾಗಿಲಲ್ಲಿ ದೀಪಿಕ ನಿಂತಿದ್ದಳು. ಶಿವರಾಜು ಬೆಳ್ಳನೆ ಪಂಚೆ, ಬೆಳ್ಳನೆ ಶರಟು, ಹೆಗಲ ಮೇಲೆ ಟವೆಲು ಹಾಕಿಕೊಂಡು ಆಗಷ್ಟೇ ಬಂದು ಕೂತಿದ್ದರು. ಮದುವೆಮನೆಯಿಂದ ಬಂದ ಮನುಷ್ಯ ಹೇಗಿರಬೇಕೋ ಹಾಗೆ.

"ಕಾರ್ ತೊಳ್ಸಕ್ಕೆ ನೀವೇ ಅಲ್ವ ಫೋನ್ ಮಾಡಿದ್ದು?" ಎಂದರು ರೂಪ, ಕಾಫಿ ಕೊಡುತ್ತ.

"ನಾನ್ ಯಾವಾಗ್ ಮಾಡ್ದೆ?" ಎಂದರು ಶಿವರಾಜು.

"ನೋಡಪ್ಪ, ಈವಯ್ಯನ ಜೊತೆ ಬಾಳ್ವೆ ಮಾಡ್ಬೇಕು ನಾನು," ಎಂದು ರೂಪ ಒಳಗೆ ಹೋದರು. ಸ್ವರೂಪ್ ಕಾಫಿ ಗುಟುಕರಿಸಿದ. ಇಷ್ಟು ರುಚಿಯಾದ ಕಾಫಿಯನ್ನು ಅವನು ಜನ್ಮದಲ್ಲಿ ಕುಡಿದಿರಲಿಲ್ಲ.

"ಮದುವೆ ಹೇಗಾಯ್ತು ಯಜಮಾನ್ರೇ?" ಎಂದು ಧೈರ್ಯವಾಗಿ ಕೇಳಿದ.

ಶಿವರಾಜು ಹೆಗಲ ಮೇಲಿನ ಟವೆಲು ತೆಗೆದು ನಿಧಾನವಾಗಿ ತಲೆ, ಮೂಗು, ಬಾಯಿಗೆ ಸುತ್ತಿಕೊಂಡು, ಬರೀ ಕಣ್ಣು ಬಿಟ್ಟು, ತೋರುಬೆರಳೆತ್ತಿ ಗಾಳಿಯಲ್ಲಿ ಒಂದು ಸುತ್ತು ಸುತ್ತಿಸಿದರು. ಸ್ವರೂಪ್ ಲೋಟ ಕೆಳಗಿಟ್ಟ. ಅವರ ಕೆಮ್ಮು, ಗಂಟಲು, ಫೋನು, ಬಸ್ಸು ಎಲ್ಲವನ್ನೂ ಅವನು ಲೆಕ್ಕ ಹಾಕಿದ್ದ. ಲೆಕ್ಕಕ್ಕೆ ಸಿಗದೆ ಉಳಿದದ್ದು ಒಂದೇ: ಅಕ್ಕ ಹೊಂಬಾಳಮ್ಮನನ್ನೂ ಮದುವೆಗೆ ಕರೆದೊಯ್ಯಲೆಂದು ದಾರಿಯಲ್ಲಿ ಅವಳ ಊರಲ್ಲಿ ಬಸ್ಸಿಳಿದ ಮನುಷ್ಯ, ಅವನ ಶೆಡ್ಡಿನಲ್ಲಿ ಎಂಥ ಕಾರೇ ಇರಲಿ, ಮೋಡದ ಕೆಳಗೆ ಹರಡಿದ ಹುರುಳಿ ಕಂಡ ಮೇಲೆ ಯಾವ ಮದುವೆಗೂ ಹೋಗುವುದಿಲ್ಲ, ಪಂಚೆ ಬಿಚ್ಚಿಟ್ಟು ಕಣಕ್ಕೆ ಇಳಿಯುತ್ತಾನೆ. "ನಿನ್ನ ಅಲ್ಲೇ ಇಡ್ಕಬೋದಿತ್ತು ಕಣ್ಲಾ," ಎಂದರು ಶಿವರಾಜು ಟವೆಲಿನೊಳಗಿಂದ, "ಇಡ್ದಿದ್ರೆ ನೀನ್ ಕಾರ್ ಬುಟ್ಟು ಓಡೋಗ್ತಿದ್ದೆ, ಉಳ್ಳಿ ಯಾರ್ ತುಳಿಯೋರು? ಅಷ್ಟ್ ಬಿರ್ರನೆ ಬಂದೋನು ಬೆಳೆ ಕಂಡ್ ಕೂಡ್ಲೆ ನಿಲ್ಲುಸ್ದಲ್ಲ, ಅದು ನಂಬ್ಕೆ. ನಾಳಿಕೆ ಅಕ್ಕ ರಾಗಿ ಅರಡ್ತಾಳಂತೆ. ಒತ್ತಾರೇನೆ ಬಂದು ಕೀ ಈಸ್ಕಳಿ, ಅಳಿಯಂದ್ರೇ." ಕೊನೆಯ ಪದ ಕೇಳಿ ದೀಪಿಕ ನಕ್ಕಳು, ಒಳಗಿನಿಂದ ರೂಪ ನಕ್ಕರು, ಸ್ವರೂಪನೂ ಯಾರ ಧ್ವನಿಯಲ್ಲಿ ನಗಬೇಕೆಂದು ತಿಳಿಯದೆ ಹೇಗೋ ನಕ್ಕ. ಆದರೆ ಆ ಬೀದಿಯ ಕೊನೆಯವರೆಗೂ ಕೇಳಿಸಿದ್ದು, ನಡುನಡುವೆ ಕೆಮ್ಮುತ್ತ, ಕಾರು ಕಳಕೊಂಡಿದ್ದ ಯಜಮಾನರ ನಗುವೇ.